ಪೆರೇಡೂ ಅಲ್ಲ, ಸರ್ಟಿಫಿಕೇಟೂ ಅಲ್ಲ ಅಂದಮೇಲೆ ಸ್ಕೌಟ್ ದಳದಲ್ಲಿ ಮಾಡಿಸಬೇಕಾದ್ದೇನು?

ಹೊಸಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಸ್ಕೌಟ್ ದಳ ಶುರುವಾಗಬೇಕಿದೆ. ಎಂಟು ಮತ್ತು ಒಂಬತ್ತನೇ ತರಗತಿಯ 32 ಹುಡುಗರ ಪಟ್ಟಿ ಮುಖ್ಯೋಪಾಧ್ಯಾಯರ ಕಡೆಯಿಂದ ಬಂದಿದೆ. ಶನಿವಾರ ತರಗತಿ ಬಿಟ್ಟ ಮೇಲೆ ಒಂದೂವರೆ ಗಂಟೆ ಸಿಗುತ್ತದೆ. ಪ್ರತಿಜ್ಞೆ, ಒಂಬತ್ತು ನಿಯಮ, ಧ್ವಜಗೀತೆ ಎಲ್ಲ ಬಾಯಿಪಾಠ ಆಗಿದೆ. ಉದ್ದೇಶದ ಸಾಲಿನಲ್ಲಿ ದೈಹಿಕ, ಬೌದ್ಧಿಕ, ಭಾವನಾತ್ಮಕ, ಸಾಮಾಜಿಕ, ಆಧ್ಯಾತ್ಮಿಕ ಬೆಳವಣಿಗೆ ಅಂತ ಐದು ದೊಡ್ಡ ಮಾತುಗಳಿವೆ. ಅವನ್ನು ಶನಿವಾರದ ತೊಂಬತ್ತು ನಿಮಿಷಕ್ಕೆ ಇಳಿಸುವುದು ಹೇಗೆ? ಕವಾಯತು ಮಾಡಿಸಿದರೆ ಸಾಕು ಅನ್ನುವವರೇ ಸುತ್ತ ಇದ್ದಾರೆ.

ರೋವರ್ ತುಂಗಭದ್ರೆ
ಸರ್, ಉದ್ದೇಶದ ಸಾಲಿಗಿಂತ ಮೊದಲು ವ್ಯಾಖ್ಯೆಯ ಸಾಲು ಓದಿ. ಸ್ವಯಂಪ್ರೇರಿತ, ರಾಜಕೀಯೇತರ, ಶೈಕ್ಷಣಿಕ ಆಂದೋಲನ. ಹುಟ್ಟು, ಜನಾಂಗ, ಮತ ನೋಡದೆ ಎಲ್ಲರಿಗೂ ಮುಕ್ತ. ಇದರಲ್ಲಿ ಮೊದಲನೇ ಪದಕ್ಕೇ ನಮ್ಮ ಶಾಲೆಗಳು ಎಡವುತ್ತವೆ. ಹೆಡ್‌ಮಾಸ್ಟರ್ ಪಟ್ಟಿ ಕೊಟ್ಟು ಸೇರಿಸಿದ ಹುಡುಗ ಸ್ವಯಂಪ್ರೇರಿತ ಅಲ್ಲ. ಪಟ್ಟಿಯನ್ನು ಬದಿಗಿಡಿ. ಎರಡು ತರಗತಿಗೂ ಒಂದು ತೆರೆದ ಶನಿವಾರ ಇಟ್ಟು ಆಟ, ಹಗ್ಗ, ಒಂದು ಹಾಡು ತೋರಿಸಿ, ಮುಂದಿನ ವಾರ ತಾವಾಗಿ ಬಂದವರನ್ನು ಬರೆದುಕೊಳ್ಳಿ. 32ರ ಬದಲು 18 ಮಂದಿ ಬಂದರೆ ಚಿಂತೆಯಿಲ್ಲ, ಮೂರು ಪ್ಯಾಟ್ರೋಲ್ (ದಳದೊಳಗಿನ ಸಣ್ಣ ಗುಂಪು) ಆಗುತ್ತದೆ.

ಇನ್ನು ಆ ಐದು ಮಾತುಗಳು. ಅವು ಫಲ. ಅವನ್ನು ಒಂದೊಂದು ಪೀರಿಯಡ್ ಮಾಡಿ ಪಾಠ ಹೇಳಲಾಗದು. ಫಲಕ್ಕೆ ದಾರಿ ಅಂತ ಸಂಸ್ಥೆ ಹೇಳುವುದು ನಾಲ್ಕನ್ನು: ಪ್ರತಿಜ್ಞೆ ಮತ್ತು ನಿಯಮ, ಮಾಡುತ್ತ ಕಲಿಯುವುದು, ಸಣ್ಣ ಗುಂಪು, ಹಂತಹಂತವಾಗಿ ಏರುವ ಚಟುವಟಿಕೆ. ಈ ನಾಲ್ಕರಲ್ಲಿ ಸಣ್ಣ ಗುಂಪು ಬಿದ್ದುಹೋದರೆ ಉಳಿದ ಮೂರೂ ಗೋಡೆಬರಹ. ನನ್ನ ಲೆಕ್ಕದಲ್ಲಿ ಸ್ಕೌಟಿಂಗ್ ಅಂದರೆ ಪ್ಯಾಟ್ರೋಲ್ ಪದ್ಧತಿ; ಮಿಕ್ಕಿದ್ದಕ್ಕೆ ಪಿ.ಟಿ. ಮೇಷ್ಟರು ಸಾಕು.

ಗೈಡರಮ್ಮ
ತುಂಗಭದ್ರೆಯವರ ಮಾತಿಗೆ ನನ್ನದೂ ಸಹಮತ. (‘ಪ್ಯಾಟ್ರೋಲ್’ ಅನ್ನುವುದನ್ನು ಮಕ್ಕಳು ಪೆಟ್ರೋಲ್ ಮಾಡುವುದು ಖಚಿತ, ತಿದ್ದಿ ಸುಸ್ತಾಗಬೇಡಿ.) ಕಟ್ಟುವ ಬಗೆ ಹೇಳುತ್ತೇನೆ.

ಒಂದು ಪ್ಯಾಟ್ರೋಲ್‌ಗೆ 6ರಿಂದ 8 ಮಕ್ಕಳು. ಐದಾದರೆ ಇಬ್ಬರು ರಜೆ ಹಾಕಿದ ದಿನ ಕೆಲಸ ನಿಲ್ಲುತ್ತದೆ, ಒಂಬತ್ತಾದರೆ ಒಬ್ಬಿಬ್ಬರು ಸುಮ್ಮನೆ ನಿಂತು ನೋಡುವವರಾಗುತ್ತಾರೆ. ಎತ್ತರದ ಸಾಲಿನಲ್ಲಿ ನಿಲ್ಲಿಸಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ಹಂಚುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಒಂದೇ ಕೇರಿ, ಒಂದೇ ಬಸ್ಸು, ಒಟ್ಟಿಗೆ ಆಡುವವರು ಇದ್ದರೆ ಆ ಸ್ನೇಹವನ್ನು ಉಳಿಸಿ. ಆದರೆ ಒಂದೇ ಜಾತಿ, ಒಂದೇ ಬೆಂಚು ಅಂತ ಗೋಡೆ ಏಳದ ಹಾಗೆ ಕಣ್ಣಿಡಿ. ಎರಡೂ ತರಗತಿಯವರು ಪ್ರತಿ ಗುಂಪಿನಲ್ಲೂ ಇರಲಿ. ಎಲ್ಲರೂ ಒಂಬತ್ತನೇ ತರಗತಿಯವರಾದರೆ ಅವರು ಹತ್ತಕ್ಕೆ ಹೋಗುತ್ತಲೇ ಆ ಗುಂಪು ಖಾಲಿ. ಸ್ಕೌಟ್ ಗುಂಪಿಗೆ ಪ್ರಾಣಿ, ಪಕ್ಷಿಯ ಹೆಸರು, ಗೈಡ್ (ಹುಡುಗಿಯರ) ಗುಂಪಿಗೆ ಹೂವಿನ ಹೆಸರು ರೂಢಿ. ಊರಲ್ಲಿ ಕಾಣುವ ಹಕ್ಕಿಯ ಹೆಸರಿಟ್ಟರೆ ಕೂಗೂ ಕಲಿಯಬಹುದು.

ಲೀಡರ್ ಯಾರು? ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗ ಅಂತ ಕಣ್ಣುಮುಚ್ಚಿ ಹಾಕಬೇಡಿ. ನಾಲ್ಕು ವಾರ ಪ್ರತಿ ವಾರ ಒಬ್ಬೊಬ್ಬರಿಗೆ ಗುಂಪಿನ ಕೆಲಸ ಒಪ್ಪಿಸಿ, ಆಮೇಲೆ ಗುಂಪಿನವರನ್ನೇ ಕೇಳಿ. ಲೀಡರ್ ಆದವನು ತನ್ನ ಸೆಕೆಂಡ್‌ನನ್ನು (ಉಪನಾಯಕನನ್ನು) ತಾನೇ ಆರಿಸಿಕೊಳ್ಳಲಿ. ಉಳಿದ ಆರು ಜನಕ್ಕೂ ಹೆಸರಿರುವ ಕೆಲಸ ಇರಲೇಬೇಕು: ಲೆಕ್ಕ, ಸಾಮಾನು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅಡುಗೆ, ಲಾಗ್ ಪುಸ್ತಕ (ಚಟುವಟಿಕೆಗಳ ದಾಖಲೆ), ಆಟ. ಕೆಲಸವಿಲ್ಲದ ಮಗು ಮೂರನೇ ವಾರ ಬರುವುದಿಲ್ಲ.

ತಿಂಗಳಿಗೊಮ್ಮೆ ಕೋರ್ಟ್ ಆಫ್ ಆನರ್ ನಡೆಸಿ. ಲೀಡರ್‌ಗಳು ಕೂತು ಮುಂದಿನ ತಿಂಗಳ ಕಾರ್ಯಕ್ರಮ, ದಳದ ಖರ್ಚು, ಯಾರಿಗೆ ಯಾವ ಬ್ಯಾಡ್ಜಿಗೆ ಶಿಫಾರಸು, ಶಿಸ್ತಿನ ತಕರಾರು ನಿರ್ಧರಿಸುತ್ತಾರೆ. ಸ್ಕೌಟ್ ಮಾಸ್ಟರ್ ಅಲ್ಲಿ ಸಲಹೆಗಾರ ಮಾತ್ರ. ನಮ್ಮ ಮೇಷ್ಟರುಗಳಿಗೆ ಕಷ್ಟವಾಗುವುದು ಇದೇ: ಬಾಯಿ ಕಟ್ಟಿಕೊಂಡು ಇಪ್ಪತ್ತು ನಿಮಿಷ ಕೂರುವುದು.

ಹೊಸಮೇಷ್ಟ್ರು
ಧನ್ಯವಾದ ಮೇಡಂ. ನವೆಂಬರ್ 7ರ ಧ್ವಜ ದಿನಕ್ಕೆ ಎಲ್ಲರಿಂದ ಒಟ್ಟಿಗೆ ಪ್ರತಿಜ್ಞೆ ಮಾಡಿಸಿಬಿಡೋಣ ಅಂತ ಯೋಚನೆ ಇತ್ತು.

ಗೈಡರಮ್ಮ
ಬೇಡ ಸರ್. ಶಾಲಾ ಪ್ರಾರ್ಥನೆಯಲ್ಲಿ ಮುನ್ನೂರು ಮಕ್ಕಳು ಕೈ ಚಾಚಿ ಹೇಳುವ ಪ್ರತಿಜ್ಞೆಗೂ ಇದಕ್ಕೂ ವ್ಯತ್ಯಾಸ ಇರುವುದೇ ಇಲ್ಲಿ. ಮಗು ಮೊದಲು ಪ್ರವೇಶದ ಪಾಠಗಳನ್ನು ಮುಗಿಸಬೇಕು: ಚಳವಳಿಯ ಪರಿಚಯ, ಪ್ರತಿಜ್ಞೆ ಮತ್ತು ನಿಯಮದ ಅರ್ಥ, ಚಿಹ್ನೆ, ಸೆಲ್ಯೂಟ್, ಎಡಗೈ ಹಸ್ತಲಾಘವ, ಧ್ವಜಗಳು, ಸಮವಸ್ತ್ರ. ಆಮೇಲೆ ದೀಕ್ಷೆ. ದಳ ಕುದುರೆ ಲಾಳದ ಆಕಾರದಲ್ಲಿ ನಿಂತು, ಲೀಡರ್ ಹೊಸಬನನ್ನು ಮುಂದೆ ಕರೆತಂದು, ಅವನು ಒಬ್ಬನೇ ತನ್ನ ದನಿಯಲ್ಲಿ ಹೇಳಬೇಕು. ಒಂದು ದಿನಕ್ಕೆ ಆರೆಂಟು ಮಕ್ಕಳಿಗಿಂತ ಹೆಚ್ಚು ಮಾಡಿದರೆ ಕೊನೆಯವನ ಸರದಿ ಬರುವಷ್ಟರಲ್ಲಿ ಎಲ್ಲರೂ ಸೊಳ್ಳೆ ಹೊಡೆಯುತ್ತಿರುತ್ತಾರೆ.

ಪ್ರತಿಜ್ಞೆ ಹೇಳುವಾಗ ಕೈ ಭುಜದ ಮಟ್ಟಕ್ಕೆ ಎತ್ತುವುದು ಚಿಹ್ನೆ. ಹಣೆಗೆ ಹೋದರೆ ಸೆಲ್ಯೂಟ್. ಮಕ್ಕಳು ಇವೆರಡನ್ನು ಕಲಸುತ್ತಾರೆ. ಮೂರು ಬೆರಳು ಪ್ರತಿಜ್ಞೆಯ ಮೂರು ಭಾಗ: ದೇವರು ಮತ್ತು ದೇಶ, ಇತರರಿಗೆ ನೆರವು, ಸ್ಕೌಟ್ ನಿಯಮ. ಕಿರುಬೆರಳ ಮೇಲೆ ಹೆಬ್ಬೆರಳು ಬರುವುದು ಬಲವಂತ ದುರ್ಬಲನನ್ನು ಕಾಯಲಿ ಅಂತ. ಆದರೆ ಪ್ರತಿಜ್ಞೆಯಲ್ಲಿ ಎಲ್ಲಕ್ಕಿಂತ ತೂಕದ ಮಾತು ‘ಕೈಲಾದಷ್ಟು ಪ್ರಯತ್ನಿಸುತ್ತೇನೆ’ ಅನ್ನುವುದು. ತಪ್ಪೇ ಮಾಡುವುದಿಲ್ಲ ಅಂತ ಮಗು ಎಲ್ಲಿಯೂ ಹೇಳುವುದಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ಪ್ರತಿಜ್ಞೆ ಬೆದರಿಕೆಯ ಕೋಲಾಗುತ್ತದೆ: ‘ನೀನು ಸ್ಕೌಟ್, ಹೀಗೆ ಮಾಡಬಹುದಾ?’ ಆ ವಾಕ್ಯ ದಳದಲ್ಲಿ ಕೇಳಿಸದಿದ್ದಷ್ಟು ಒಳ್ಳೆಯದು.

ಕಟುಮಾತು
ಎಲ್ಲ ಚೆನ್ನಾಗಿದೆ. ಒಬ್ಬ ಬ್ರಿಟಿಷ್ ಸೇನಾಧಿಕಾರಿ ತನ್ನ ಸಾಮ್ರಾಜ್ಯಕ್ಕೆ ವಿಧೇಯ ಹುಡುಗರು ಬೇಕೆಂದು ಕಟ್ಟಿದ್ದು ಇದು. ಖಾಕಿ, ಸಾವಧಾನ್, ಸೆಲ್ಯೂಟ್. ಮೇಲಿಂದ ದೇವರ ಹೆಸರಲ್ಲಿ ಆಣೆ. 2020ರ ದಶಕದ ಹಳ್ಳಿ ಹುಡುಗನಿಗೆ ಇದರಲ್ಲಿ ಏನಿದೆ?

ರೋವರ್ ತುಂಗಭದ್ರೆ
ಖಾಕಿ ಅಲ್ಲ ಮಾರಾಯರೇ, ನಮ್ಮ ಸ್ಕೌಟಿನದು ಉಕ್ಕಿನ ಬೂದು ಬಣ್ಣದ ಅಂಗಿ, ನೇವಿ ಬ್ಲೂ ಚಡ್ಡಿ ಅಥವಾ ಪ್ಯಾಂಟ್. ಖಾಕಿ ಎನ್‌ಸಿಸಿಯದು. ಎನ್‌ಸಿಸಿ 1948ರ ಕಾಯ್ದೆಯಿಂದ ಬಂದದ್ದು, ರಕ್ಷಣಾ ಸಚಿವಾಲಯದ ಕೆಳಗಿದೆ, ಅಲ್ಲಿ ಬಂದೂಕಿನ ತರಬೇತಿ ಇದೆ. ಇಲ್ಲಿ ಬಂದೂಕಿಲ್ಲ.

ನಿಮ್ಮ ಟೀಕೆಯ ಉಳಿದ ಭಾಗ ಪೂರ್ತಿ ಸುಳ್ಳಲ್ಲ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಸ್ಕೌಟಿಂಗ್ ಶುರುಮಾಡಿದ ಬೇಡನ್ ಪೊವೆಲ್ ಸೇನಾಧಿಕಾರಿಯೇ. ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಮುತ್ತಿಗೆ 217 ದಿನ ನಡೆದಾಗ ಹುಡುಗರು ಸುದ್ದಿ ಒಯ್ಯುವ ಕೆಲಸ ಮಾಡಿದ್ದನ್ನು ಅವನು ಕಂಡಿದ್ದ. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಯೋಗ ಶಿಬಿರ ಮಾಡಿದ. ಅಲ್ಲಿ ಸಾಹುಕಾರರ ಶಾಲೆಯ ಹುಡುಗರನ್ನೂ ಕೂಲಿಕಾರರ ಮಕ್ಕಳನ್ನೂ ಬೆರೆಸಿ, ನಾಲ್ಕು ಪ್ಯಾಟ್ರೋಲ್ ಮಾಡಿ, ಹುಡುಗರ ಕೈಗೇ ಹೊಣೆ ಕೊಟ್ಟ. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸದಾಗಿದ್ದದ್ದು ಇದು, ಕವಾಯತಲ್ಲ.

ಭಾರತದಲ್ಲಿ ಮೊದಲ ದಳ ಶುರುವಾದದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ಕ್ಯಾಪ್ಟನ್ ಟಿ.ಎಚ್. ಬೇಕರ್ ಕೈಯಲ್ಲಿ. ಗೈಡ್ ಕಂಪನಿ 1911ರಲ್ಲಿ ಜಬಲ್ಪುರದಲ್ಲಿ. ಎರಡೂ ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲು ತೆರೆಯಲಿ ಅಂತ ಇಲ್ಲಿನವರು ಕಾಯುತ್ತ ಕೂರಲಿಲ್ಲ. ಮದ್ರಾಸಿನಲ್ಲಿ ಆನಿ ಬೆಸೆಂಟ್, ಜಿ.ಎಸ್. ಅರುಂಡೇಲ್; ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ತಮ್ಮದೇ ದಳಗಳನ್ನು ಕಟ್ಟಿದರು. ಸಾಮ್ರಾಜ್ಯದ ಗೋಡೆಗೆ ಹೊರಗಿನಿಂದ ಕಟ್ಟಿದ ಮನೆಗಳವು. ಸ್ವಾತಂತ್ರ್ಯ ಬಂದ ಮೇಲೆ ಈ ಬೇರೆಬೇರೆ ಸಂಸ್ಥೆಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಗರ್ಲ್ ಗೈಡ್ಸ್ 1951ರ ಆಗಸ್ಟ್ 15ಕ್ಕೆ ಸೇರಿತು. ಧ್ವಜ ದಿನ ನವೆಂಬರ್ 7 ಆಗಿರುವುದು ಅದಕ್ಕೇ.

ವಿಧೇಯತೆಯ ವಿಚಾರ ಇದಕ್ಕಿಂತ ಸ್ವಾರಸ್ಯವಾಗಿದೆ. ಬೇಡನ್ ಪೊವೆಲ್ ಬರೆದ ಏಳನೇ ನಿಯಮ, ತಂದೆತಾಯಿ, ಪ್ಯಾಟ್ರೋಲ್ ಲೀಡರ್, ಸ್ಕೌಟ್ ಮಾಸ್ಟರ್ ಹೇಳಿದ್ದನ್ನು ಮರುಪ್ರಶ್ನೆಯಿಲ್ಲದೆ ಪಾಲಿಸು ಅನ್ನುತ್ತಿತ್ತು. ನಮ್ಮ ಒಂಬತ್ತರಲ್ಲಿ ಆ ಮಾತಿಲ್ಲ. ಅದರ ಬದಲು ಆರನೆಯದು: ಸ್ಕೌಟ್ ಶಿಸ್ತುಗಾರ, ಸಾರ್ವಜನಿಕ ಆಸ್ತಿಯ ರಕ್ಷಣೆಗೆ ನೆರವಾಗುತ್ತಾನೆ. ಆಜ್ಞೆಯ ಜಾಗಕ್ಕೆ ಬಸ್ ಸೀಟು, ಶಾಲೆಯ ನಲ್ಲಿ, ಕೆರೆಯ ಏರಿ ಬಂದು ಕೂತಿವೆ. ಸಣ್ಣ ಬದಲಾವಣೆ ಅಲ್ಲ ಇದು.

ಗೈಡರಮ್ಮ
ದೇವರ ಬಗ್ಗೆ ಒಂದು ಮಾತು. ‘ದೇವರು’ ಬೇಡ ಅನ್ನಿಸಿದವರು ಆ ಜಾಗದಲ್ಲಿ ‘ಧರ್ಮ’ ಅನ್ನಬಹುದು ಅಂತ ಸಂಸ್ಥೆಯ ನಿಯಮದಲ್ಲೇ ಇದೆ. ದೀಕ್ಷೆಗೆ ಮೊದಲು ಮಗುವಿಗೆ ಇದನ್ನು ತಿಳಿಸಿ. ಸರ್ವಧರ್ಮ ಪ್ರಾರ್ಥನೆಯಲ್ಲಿ ಆಗುವ ತಪ್ಪು ಏನೆಂದರೆ ಎಲ್ಲ ಮತದ ಪ್ರಾರ್ಥನೆಗಳನ್ನೂ ಚೆನ್ನಾಗಿ ಹಾಡುವ ಇಬ್ಬರು ಹುಡುಗಿಯರೇ ಹೇಳಿ ಮುಗಿಸುವುದು. ಆಯಾ ಮನೆಯಿಂದ ಬಂದ ಮಗು ಹೇಳಲಿ, ಉಳಿದವರು ಸುಮ್ಮನೆ ನಿಂತು ಕೇಳಲಿ. ಹೇಳಲು ಇಷ್ಟವಿಲ್ಲದ ಮಗುವನ್ನು ತನ್ನ ಮತದ ಪ್ರತಿನಿಧಿಯಾಗಿ ಎಳೆದು ನಿಲ್ಲಿಸಬೇಡಿ.

ಕಟುಮಾತು
ಆರನೇ ನಿಯಮದ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನಲ್ಲಿ ರಕ್ಷಣೆ ಅಂದರೆ ‘ನೀರು ಉಳಿಸಿ’ ಅಂತ ಬೋರ್ಡು ಹಿಡಿದು ಜಾಥಾ ಹೋಗುವುದು ತಾನೇ?

ಲೆಕ್ಕದಪುಸ್ತಕ
ಜಾಥಾ ಬೇಡ, ಒಂದು ಲೋಟ ಸಾಕು. ಸೋರುವ ನಲ್ಲಿಯ ಕೆಳಗೆ ಅಳತೆಯ ಲೋಟ ಇಟ್ಟು ಹತ್ತು ನಿಮಿಷ ಕಾಯಿರಿ, ಬಂದದ್ದನ್ನು 144ರಿಂದ ಗುಣಿಸಿ. ಹತ್ತು ನಿಮಿಷಕ್ಕೆ 100 ಮಿ.ಲೀ. ಬಿದ್ದರೆ ದಿನಕ್ಕೆ 14.4 ಲೀಟರ್, ಒಂದು ಕೊಡದ ಹತ್ತಿರ. ಒಂದೊಂದು ಪ್ಯಾಟ್ರೋಲ್ ಶಾಲೆಯ ಒಂದೊಂದು ದಿಕ್ಕಿನ ನಲ್ಲಿಗಳನ್ನು ಅಳೆದು ಪಟ್ಟಿ ಮಾಡಲಿ. ಹಳೇ ತಿರುಗಿಸುವ ನಲ್ಲಿಯಾದರೆ ಹತ್ತರಲ್ಲಿ ಎಂಟು ಸಲ ವಾಷರ್ ಸವೆದಿರುತ್ತದೆ. ಗೇಟ್ ವಾಲ್ವ್ ಬಂದ್ ಮಾಡಿ, ಸ್ಪ್ಯಾನರ್‌ನಿಂದ ತಲೆ ಬಿಚ್ಚಿ, ವಾಷರ್ ಬದಲಿಸಿ, ಮರೆಗೆ (ಸ್ಕ್ರೂ ಸುರುಳಿಗೆ) ಟೆಫ್ಲಾನ್ ಟೇಪು ಸುತ್ತಿ ಕೂರಿಸುವುದು ಪ್ಲಂಬರ್ ಒಮ್ಮೆ ತೋರಿಸಿದರೆ ಹದಿಮೂರರ ಹುಡುಗ ಮಾಡುತ್ತಾನೆ. ಟೇಪನ್ನು ಮರೆ ತಿರುಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗ ಸುರುಳಿ ಬಿಟ್ಟುಕೊಂಡು ಮತ್ತೆ ಸೋರುತ್ತದೆ. ಆರನೇ ನಿಯಮ, ಮಾಡುತ್ತ ಕಲಿಯುವುದು, ಸಣ್ಣ ಗುಂಪು, ಮೂರೂ ಒಂದೇ ಶನಿವಾರದಲ್ಲಿ ಆಯಿತು.

ಎಂಟನೆಯದು ಮಿತವ್ಯಯ. ಇದನ್ನು ಹುಂಡಿ ಡಬ್ಬಿಗೆ ಇಳಿಸಬೇಡಿ. ದಳದ ದುಡ್ಡಿನಲ್ಲಿ ಒಂದು ಭಾಗವನ್ನು ಪ್ಯಾಟ್ರೋಲ್‌ಗೇ ಕೊಟ್ಟು, ಹಗ್ಗ, ಬ್ಯಾಂಡೇಜು, ಹೈಕ್ (ಕಾಲ್ನಡಿಗೆಯ ಹೊರಸಂಚಾರ) ದಿನದ ದಿನಸಿ ಅವರೇ ತರಲಿ. ಬಿಲ್ ಅಂಟಿಸಿದ ಪುಸ್ತಕವನ್ನು ಕೋರ್ಟ್ ಆಫ್ ಆನರ್‌ನಲ್ಲಿ ಇನ್ನೊಂದು ಪ್ಯಾಟ್ರೋಲ್‌ನ ಲೆಕ್ಕಿಗ ನೋಡಿ ಸಹಿ ಹಾಕಲಿ. ಮೊದಲ ತಿಂಗಳು ಲೆಕ್ಕ ತಾಳೆಯಾಗುವುದಿಲ್ಲ. ಇಪ್ಪತ್ತು, ಮೂವತ್ತು ರೂಪಾಯಿ ವ್ಯತ್ಯಾಸ ಬರುತ್ತದೆ. ಆಗ ಮೇಷ್ಟರು ಜೇಬಿನಿಂದ ಹಾಕಿ ಸರಿಮಾಡಿದರೆ ಮೊದಲನೇ ನಿಯಮವೂ, ಅಂದರೆ ನಂಬಿಕೆಗೆ ಅರ್ಹನಾಗಿರುವುದು, ಎಂಟನೆಯದೂ ಅಲ್ಲೇ ಮುಗಿಯಿತು. ವ್ಯತ್ಯಾಸ ಅಂತಲೇ ಕೆಂಪು ಶಾಯಿಯಲ್ಲಿ ಬರೆಸಿ, ಮುಂದಿನ ತಿಂಗಳಿಗೆ ಒಯ್ಯಿರಿ.

ಹೊಸಮೇಷ್ಟ್ರು
ಇದು ಕೈಗೆ ಸಿಗುವ ಮಾತು. ದಿನಕ್ಕೊಂದು ಒಳ್ಳೆಯ ಕೆಲಸ ಅನ್ನುವುದಕ್ಕೆ ಡೈರಿ ಇಡಿಸಬೇಕೇ? ಶನಿವಾರದ ವೇಳಾಪಟ್ಟಿ ಯಾರಾದರೂ ಕೊಡಿ.

ರೋವರ್ ತುಂಗಭದ್ರೆ
ಡೈರಿ ಇಟ್ಟರೆ ಎರಡನೇ ವಾರದಿಂದ ಎಲ್ಲರೂ ‘ಅಜ್ಜಿಯನ್ನು ರಸ್ತೆ ದಾಟಿಸಿದೆ’ ಅಂತ ಬರೆಯುತ್ತಾರೆ. ಅಷ್ಟು ಅಜ್ಜಿಯರು ಊರಲ್ಲಿಲ್ಲ. ಹಳೇ ರೂಢಿ ಒಂದಿದೆ: ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಒಂದು ಗಂಟು, ಕೆಲಸ ಆದ ಮೇಲೆ ಬಿಚ್ಚುವುದು. ಏನು ಮಾಡಿದೆ ಅಂತ ಯಾರೂ ಕೇಳುವುದಿಲ್ಲ.

ವೇಳಾಪಟ್ಟಿ: ಧ್ವಜ, ಪ್ರಾರ್ಥನೆ, ತಪಾಸಣೆಗೆ 15 ನಿಮಿಷ. ತಪಾಸಣೆಯನ್ನು ಲೀಡರ್ ಮಾಡಲಿ. ಉಗುರು, ಕರವಸ್ತ್ರ, ಸ್ಕಾರ್ಫು ಅಷ್ಟೇ. ಓಡುವ ಆಟಕ್ಕೆ 10. ಬೇಸ್ ಪದ್ಧತಿಯಲ್ಲಿ ಕಲಿಕೆಗೆ 32: ಮೈದಾನದ ನಾಲ್ಕು ಮೂಲೆಯಲ್ಲಿ ನಾಲ್ಕು ವಿಷಯ, ಎಂಟೆಂಟು ನಿಮಿಷಕ್ಕೆ ಸೀಟಿ, ಪ್ಯಾಟ್ರೋಲ್‌ಗಳು ಬದಲಾಗುತ್ತವೆ. ಪ್ಯಾಟ್ರೋಲ್ ಮೂಲೆಗೆ 15. ಆಗ ಮೇಷ್ಟರು ದೂರ ಇರಬೇಕು. ಇನ್ನೊಂದು ಆಟ ಅಥವಾ ಹಾಡು 10, ಧ್ವಜ ಇಳಿಸುವುದು 8. ಕವಾಯತು ಧ್ವಜದ ಹೊತ್ತಿಗೆ ಬೇಕಾದಷ್ಟು ಮಾತ್ರ. ಆಟವೆಂದರೆ ಕಿಮ್ ಆಟ ಮರೆಯಬೇಡಿ: 24 ಸಾಮಾನು ತಟ್ಟೆಯಲ್ಲಿಟ್ಟು ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ನೆನಪಿದ್ದಷ್ಟು ಬರೆಸುವುದು. ಒಬ್ಬೊಬ್ಬನಿಗೆ 14, 15 ದಾಟುವುದಿಲ್ಲ. ಪ್ಯಾಟ್ರೋಲ್ ಕೂಡಿ ಬರೆದರೆ 22 ಬರುತ್ತದೆ. ಸಣ್ಣ ಗುಂಪಿನ ಲಾಭಕ್ಕೆ ಇದಕ್ಕಿಂತ ಬೇರೆ ಭಾಷಣ ಬೇಡ.

ಗಂಟುಗಾರ
ಹಗ್ಗದ ಮಾತು ಬಂತಲ್ಲ, ನನ್ನ ಸರದಿ. ಪ್ರತಿ ಹುಡುಗನಿಗೆ 3 ಮೀಟರ್, 8 ಮಿ.ಮೀ. ದಪ್ಪದ ಹತ್ತಿ ಹಗ್ಗ. ನೈಲಾನ್ ಜಾರುತ್ತದೆ, ಕಲಿಯುವವರಿಗೆ ಬೇಡ. ತುದಿ ಬಿಚ್ಚದ ಹಾಗೆ ದಾರ ಸುತ್ತುವ ವಿಪ್ಪಿಂಗ್ ಮೊದಲ ಪಾಠ. ಹಗ್ಗದ ದಪ್ಪದಷ್ಟು ಅಥವಾ ಒಂದೂವರೆಯಷ್ಟು ಅಗಲ ಸುತ್ತಿದರೆ ಸಾಕು.

ರೀಫ್ ನಾಟ್ (ಎರಡು ತುದಿ ಸೇರಿಸುವ ಗಂಟು) ಕಲಿಸುವಾಗ ‘ಎಡ ಬಲದ ಮೇಲೆ, ಬಲ ಎಡದ ಮೇಲೆ’. ಎರಡು ಸಲವೂ ಎಡವೇ ಮೇಲೆ ಬಂದರೆ ಗ್ರಾನಿ ಗಂಟು, ಎಳೆದರೆ ಜಾರುತ್ತದೆ. ಸರಿಯಾದ ರೀಫ್‌ನಲ್ಲಿ ಎರಡೂ ತುದಿಗಳು ತಮ್ಮ ಹಗ್ಗಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಅದು ಚಪ್ಪಟೆ ಕೂರುತ್ತದೆ ಅಂತಲೇ ಬ್ಯಾಂಡೇಜಿಗೆ ಬಳಕೆ. ಒಂದೇ ದಪ್ಪದ ಎರಡು ಹಗ್ಗಕ್ಕೆ ಮಾತ್ರ. ದಪ್ಪ, ತೆಳು ಆದರೆ ಶೀಟ್ ಬೆಂಡ್. ಮನುಷ್ಯನ ಭಾರ ಬೀಳುವ ಕಡೆ ರೀಫ್ ಹಾಕುವುದು ಅಪಾಯ, ಅಲ್ಲಿ ಬೋಲೈನ್ (ಜಾರದ ಕುಣಿಕೆ). ಕ್ಲೋವ್ ಹಿಚ್ ಕಂಬಕ್ಕೆ, ಲ್ಯಾಶಿಂಗ್ (ಕೋಲುಗಳನ್ನು ಹಗ್ಗದಿಂದ ಬಿಗಿದು ಕಟ್ಟುವುದು) ಆರಂಭಕ್ಕೆ. ಸ್ಕ್ವೇರ್ ಲ್ಯಾಶಿಂಗ್‌ಗೆ ಮೂರು ಸುತ್ತು, ನಡುವೆ ಎರಡು ಬಿಗಿ ಸುತ್ತು, ಕೊನೆಗೆ ಕ್ಲೋವ್ ಹಿಚ್. ಕಟ್ಟು ಸಡಿಲ ಬರುವುದಕ್ಕೆ ಕಾರಣ ಹೆಚ್ಚಾಗಿ ಒಂದೇ: ಪ್ರತಿ ಸುತ್ತಿಗೆ ಎಳೆಯದೆ ಕೊನೆಯಲ್ಲಿ ಒಟ್ಟಿಗೆ ಎಳೆಯುವುದು.

ಮೌಲ್ಯಕ್ಕೂ ಗಂಟಿಗೂ ಏನು ಸಂಬಂಧ ಅಂತ ಮೇಲಧಿಕಾರಿಗಳು ಕೇಳುತ್ತಾರೆ. ತಪ್ಪು ಗಂಟು ಎಳೆದ ಕೂಡಲೇ ಬಿಚ್ಚುತ್ತದೆ. ಅಂಕ ಕೊಡಲು ಮೇಷ್ಟರು ಬೇಕಾಗಿಲ್ಲ.

ಶಿಬಿರದಡುಗೆ
ದ್ವಿತೀಯ, ತೃತೀಯ ಸೋಪಾನಕ್ಕೆ (ಸ್ಕೌಟ್ ಕಲಿಕೆಯ ಮುಂದಿನ ಮೆಟ್ಟಿಲುಗಳಿಗೆ) ಬಂದಾಗ ಹೈಕ್, ಶಿಬಿರ ಬರುತ್ತವೆ. ಅಲ್ಲಿ ಬಾಣಸಿಗನನ್ನು ಕರೆಸಿ 32 ಜನಕ್ಕೆ ಒಟ್ಟಿಗೆ ಬೇಯಿಸಿದರೆ ಅದು ಪ್ರವಾಸ. ಪ್ಯಾಟ್ರೋಲ್‌ಗೊಂದು ಒಲೆ ಇರಲಿ.

ಎಂಟು ಹುಡುಗರಿಗೆ ಒಂದು ಹೊತ್ತಿಗೆ ಅಕ್ಕಿ 1 ಕೆಜಿ, ತೊಗರಿಬೇಳೆ 300 ಗ್ರಾಂ, ತರಕಾರಿ 1 ಕೆಜಿ, ಎಣ್ಣೆ 100 ಮಿ.ಲೀ. ಅಕ್ಕಿಗೆ ನೀರು ಎರಡರಿಂದ ಎರಡೂವರೆ ಅಳತೆ. ತೆರೆದ ಒಲೆಯಲ್ಲಿ ತೊಗರಿಬೇಳೆ ಬೇಯಲು ಒಂದು ಗಂಟೆ ಬೇಕು, ಹೊರಡುವ ಮೊದಲೇ ನೆನೆಸಿಟ್ಟು ಒಯ್ದರೆ ಅರ್ಧ ಹೊತ್ತು ಉಳಿಯುತ್ತದೆ. ಹೆಸರುಬೇಳೆಯಾದರೆ ಇನ್ನೂ ಬೇಗ. ಎಲ್ಲರೂ ಮಾಡುವ ತಪ್ಪು ಮೂರು. ಹಸಿ ಸೌದೆ, ಕಲ್ಲುಗಳ ನಡುವೆ ಗಾಳಿ ಬರುವ ದಿಕ್ಕಿಗೆ ಬಾಯಿ ಬಿಡದಿರುವುದು, ಅನ್ನ, ಸಾರು ಎರಡನ್ನೂ ಒಂದೇ ಒಲೆಯಲ್ಲಿ ಸಾಲಾಗಿ ಇಡುವುದು. ಪಾತ್ರೆಯ ಹೊರಮೈಗೆ ಮೊದಲೇ ಮಣ್ಣು ಇಲ್ಲವೇ ಸೋಪು ಬಳಿದರೆ ಮಸಿ ಸುಲಭವಾಗಿ ಹೋಗುತ್ತದೆ. ಪಾತ್ರೆಯಿಲ್ಲದ ಅಡುಗೆಯೂ ಕಲಿಕೆಯಲ್ಲಿದೆ: ಆಲೂಗಡ್ಡೆಗೆ ಜೇಡಿಮಣ್ಣು ಮೆತ್ತಿ ಕೆಂಡದಲ್ಲಿ 40 ನಿಮಿಷ.

ಶೌಚಕ್ಕೆ ತೋಡಿದ ಗುಂಡಿ ನೀರಿನಿಂದ ಕನಿಷ್ಠ 30 ಮೀಟರ್ ದೂರ, ಇಳಿಜಾರಿನ ಕೆಳಗಡೆ, ಪಕ್ಕದಲ್ಲೇ ಮಣ್ಣಿನ ರಾಶಿ ಮತ್ತು ಸಲಿಕೆ. ಬಳಸಿದವನೇ ಮಣ್ಣು ಮುಚ್ಚಬೇಕು. ಐದನೇ ನಿಯಮದ ಪ್ರಕೃತಿಪ್ರೇಮ, ಒಂಬತ್ತನೆಯ ಶುದ್ಧತೆ ಎಲ್ಲ ಆ ಸಲಿಕೆಯ ಹಿಡಿಯಲ್ಲಿ ಇರುತ್ತದೆ. ಹೊರಡುವಾಗ ಒಲೆಯ ಬೂದಿಗೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಮತ್ತೆ ನೀರು. ಮಕ್ಕಳಿರುವ ಶಿಬಿರದಲ್ಲಿ ಕನಿಷ್ಠ ಇಬ್ಬರು ದೊಡ್ಡವರು, ಒಂಟಿ ಮಗುವಿನ ಜೊತೆ ಒಬ್ಬ ದೊಡ್ಡವನೇ ಟೆಂಟಿನಲ್ಲಿ ಇರಕೂಡದು, ಪಾಲಕರ ಲಿಖಿತ ಒಪ್ಪಿಗೆ ಮತ್ತು ಮಗುವಿನ ಔಷಧಿ, ಅಲರ್ಜಿ ವಿವರ ಕಡತದಲ್ಲಿ. ಇದರಲ್ಲಿ ರಿಯಾಯಿತಿ ಇಲ್ಲ.

ಒಂದು ಮಗುವಿಗಾದರೂ ಹೊಟ್ಟೆ ಕೆಡುತ್ತದೆ ಅಂತಲೇ ಹೊರಡಿ. ಓಆರ್‌ಎಸ್ ಪೊಟ್ಟಣ ಮುಗಿದಿದ್ದರೆ ಕಾದಾರಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ.

ಕಟುಮಾತು
ಕೊನೆಯ ಅನುಮಾನ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಕ್ಕೆ ಇಷ್ಟು ನೂಕುನುಗ್ಗಲು ಯಾಕೆ? ಸೇವೆ ಅಂತ ಶುರುವಾಗಿ ಸೀಟಿಗೆ ಮುಗಿಯುತ್ತದಲ್ಲ.

ರೋವರ್ ತುಂಗಭದ್ರೆ
ನೂಕುನುಗ್ಗಲಿಗೆ ಕಾರಣ ಸ್ಪಷ್ಟ. ನಮ್ಮ ಸಿಇಟಿಯ ವಿಶೇಷ ವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದೆ. ರೈಲ್ವೆಯಲ್ಲಿ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ರಾಷ್ಟ್ರಪತಿ ಪುರಸ್ಕಾರ ಅಥವಾ ಹಿಮಾಲಯ ವುಡ್ ಬ್ಯಾಡ್ಜ್ (ದಳ ನಡೆಸುವವರ ಉನ್ನತ ತರಬೇತಿಯ ಅರ್ಹತೆ) ಬೇಕು, ಜೊತೆಗೆ ಐದು ವರ್ಷದ ಸಕ್ರಿಯ ಸದಸ್ಯತ್ವ. ಪಾಲಕರು ಇದನ್ನು ಕೇಳುವುದು ತಪ್ಪಲ್ಲ. ತಪ್ಪು ಆಗುವುದು ಏಣಿಯ ಮೆಟ್ಟಿಲು ಹಾರಿಸಿದಾಗ. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ. ಪ್ರತಿ ಮೆಟ್ಟಿಲಿಗೂ ತಿಂಗಳುಗಳ ಅಂತರ ಇದೆ. ಶಾಲೆಗಳು ಒಂಬತ್ತನೇ ತರಗತಿಯಲ್ಲಿ ಎಚ್ಚೆತ್ತು ಹಿಂದಿನ ದಿನಾಂಕ ಹಾಕಿದ ಲಾಗ್ ಪುಸ್ತಕ ಬರೆಸುತ್ತವೆ. ಪರೀಕ್ಷಾ ಶಿಬಿರದಲ್ಲಿ ಇದು ಹತ್ತೇ ನಿಮಿಷಕ್ಕೆ ಬಯಲಾಗುತ್ತದೆ: ಎಂಟು ಲಾಗ್ ಪುಸ್ತಕದಲ್ಲೂ ಒಂದೇ ವಾಕ್ಯ, ಒಂದೇ ಕಾಗುಣಿತ ತಪ್ಪು. ‘ಸ್ಕೌಟ್ ನಂಬಿಕೆಗೆ ಅರ್ಹ’ ಅಂತ ಮೊದಲ ಪುಟದಲ್ಲಿ ಬರೆದು ಎರಡನೇ ಪುಟದಲ್ಲಿ ಸುಳ್ಳು ದಿನಾಂಕ ಹಾಕಿಸಿದವರು ದೊಡ್ಡವರು, ಮಗು ಅಲ್ಲ. 10 ವರ್ಷಕ್ಕೆ ಸೇರಿದ ಮಗುವಿಗೆ ಹೊತ್ತು ಧಾರಾಳ ಇರುತ್ತದೆ. ಆದ್ದರಿಂದ ಎಂಟರಿಂದಲ್ಲ, ಆರನೇ ತರಗತಿಯಿಂದ ಸೇರಿಸಿಕೊಳ್ಳಲು ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯವರ ಜೊತೆ ಮಾತಾಡಿ.

ಮೇಷ್ಟರೇ, ನೀವೂ ಮೊದಲು ಜಿಲ್ಲಾ ಸಂಸ್ಥೆಯಲ್ಲಿ ಘಟಕ ನೋಂದಾಯಿಸಿ ಏಳು ದಿನದ ಬೇಸಿಕ್ ಕೋರ್ಸ್ ಮುಗಿಸಿ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ದಾವಣಗೆರೆ ಬಳಿಯ ಕೊಂಡಜ್ಜಿ ನಮ್ಮ ರಾಜ್ಯದ ಹಳೇ ತರಬೇತಿ ತಾಣಗಳು. ಅಲ್ಲಿ ನಿಮ್ಮನ್ನೇ ಒಂದು ಪ್ಯಾಟ್ರೋಲ್‌ಗೆ ಹಾಕುತ್ತಾರೆ, ನೀವೇ ಪಾತ್ರೆ ತೊಳೆಯಬೇಕು.

ಹೊಸಮೇಷ್ಟ್ರು
ತೊಳೆಯೋಣ. ಪಟ್ಟಿಯನ್ನು ಬದಿಗಿಟ್ಟು ತೆರೆದ ಶನಿವಾರ ಮಾಡುವುದೇ ಸರಿ ಅನ್ನಿಸುತ್ತಿದೆ. ಪೂರ್ತಿ 32 ಬಂದರೆ ಸ್ಕಾರ್ಫಿಗೆ ಬಟ್ಟೆ ಎಷ್ಟು ತರಬೇಕು? ಹಸಿರು ತಗೊಳ್ಳೋಣ ಅಂತಿದ್ದಾರೆ.

ಗೈಡರಮ್ಮ
ಹಸಿರು, ನೇರಳೆ, ಹಳದಿ ದಳಕ್ಕೆ ಇಲ್ಲ. ಬೇರೆ ಬಣ್ಣ ಆರಿಸಿ. ಅದನ್ನೂ ಮಕ್ಕಳೇ ಆರಿಸಲಿ. ಸ್ಕಾರ್ಫಿನ ಎರಡು ಬದಿ 70ರಿಂದ 80 ಸೆಂ.ಮೀ. 85 ಸೆಂ.ಮೀ. ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಸ್ಕಾರ್ಫು, ಅಂಚು ಮಡಿಚಿ ಹೊಲಿದ ಮೇಲೆ 80ರ ಆಸುಪಾಸು ಬರುತ್ತದೆ. 32ಕ್ಕೆ 16 ಚೌಕ, 36 ಇಂಚು ಪನ್ನದ ಪಾಪ್ಲಿನ್ 13.6 ಮೀಟರ್, 14 ತನ್ನಿ. ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಅಗಲದ ಅಂಚು 113 ಸೆಂ.ಮೀ. ಬರುತ್ತದೆ; ಪೆಟ್ಟಾದ ಹುಡುಗನ ಕೈಗೆ ಜೋಳಿಗೆ ಕಟ್ಟಲು ಸಾಕು, ದೊಡ್ಡವರಿಗೆ ಸಾಲದು. ಒಂದು ಮೀಟರ್ ಚೌಕದಿಂದ ಸೀಳಿದ ತ್ರಿಕೋನ ಬ್ಯಾಂಡೇಜು ಪ್ಯಾಟ್ರೋಲ್ ಪೆಟ್ಟಿಗೆಗೆ ಎರಡೆರಡು ಬೇರೆಯೇ ಇಡಿ. ಅದಕ್ಕೆ ಬಿಳಿ ಬಟ್ಟೆ 4 ಮೀಟರ್, ಪನ್ನ 1 ಮೀಟರಿಗೆ ಕಮ್ಮಿ ಇರದ ಹಾಗೆ ನೋಡಿಕೊಳ್ಳಿ.